ತಕ್ಕಡಿರಾಯರು ಉಪ್ಪಿನ ಡಬ್ಬಿ ತೂಗಿದ್ದು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ತಕ್ಕಡಿರಾಯರಿಗೆ ಗೊತ್ತಿರಲಿಲ್ಲ ಎಂದಲ್ಲ. ಗಾದೆಗಳೆಲ್ಲ ಅವರಿಗೆ ಗೊತ್ತು. ಆದರೆ ಅವು ನೆನಪಿಗೆ ಬರುವುದು ಮಾತ್ರ ಯಾವಾಗಲೂ ಮಾತು ಬಾಯಿ ದಾಟಿ ಎದುರಿನವರ ಕಿವಿ ಸೇರಿದ ಮೇಲೆ.

ರಾಯರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯ ಮುಳ್ಳು ನೆಟ್ಟಗಿದೆಯೇ, ತೂಕದ ಕಲ್ಲು ಸವೆದಿದೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಅಂಗಡಿಬೀದಿಯವರು ಇಟ್ಟ ಹೆಸರೇ ತಕ್ಕಡಿರಾಯರು. ಅಳೆಯದೆ ಬಿಟ್ಟದ್ದು ಇದ್ದೂ ಇಲ್ಲದ್ದಕ್ಕೆ ಸಮ ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದು ಕಡಿಮೆ. ಕಿಟಕಿಗೆಂದು ಅವರೇ ಅಳೆದು ತಂದ ಪರದೆಯ ಬಟ್ಟೆ ಅರ್ಧ ಕಿಟಕಿಗೆ ಮಾತ್ರ ಸಾಲಿತ್ತು. ಉಳಿದರ್ಧದಿಂದ ಬೀದಿಯವರು ರಾಯರ ಸಂಸಾರವನ್ನು ನೋಡಿಕೊಂಡು ಓಡಾಡುತ್ತಿದ್ದರು.

ನಡೆದದ್ದು ಇಷ್ಟೇ. ಒಂದು ಮಧ್ಯಾಹ್ನ ಕಚೇರಿಯಲ್ಲಿ ಊಟದ ಹೊತ್ತಿಗೆ ಮೇಲಧಿಕಾರಿಗಳು ರಾಯರ ಡಬ್ಬಿಯಿಂದ ನಿಂಬೆಕಾಯಿ ಉಪ್ಪಿನಕಾಯಿಯ ಒಂದು ಹೋಳು ತೆಗೆದುಕೊಂಡರು. ಈ ಮೇಲಧಿಕಾರಿಗಳು ನಕ್ಕದ್ದನ್ನು ಕಂಡವರಿರಲಿಲ್ಲ. ಹೋಳು ಬಾಯಿಗೆ ಹೋದದ್ದೇ ಅವರು ಕಣ್ಣು ಮುಚ್ಚಿದರು. ಹಣೆಯ ಗಂಟು ಸಡಿಲವಾಯಿತು. ಯಾರು ಮಾಡಿದ್ದು ಎಂದು ಕೇಳಿದರು. ನಮ್ಮ ದೊಡ್ಡಮ್ಮ ಎಂದಿದ್ದರೆ ಕಥೆ ಅಲ್ಲಿಗೇ ಮುಗಿದು ಎಲ್ಲರೂ ಕೈ ತೊಳೆಯಲು ಏಳುತ್ತಿದ್ದರು. ಆದರೆ ಮೇಲಧಿಕಾರಿಗಳ ಸಡಿಲವಾದ ಹಣೆ ನೋಡಿ ರಾಯರ ಎದೆ ಉಬ್ಬಿತು.

"ಇದು ನಮ್ಮ ಮನೆತನದ್ದು ಸಾರ್," ಎಂದರು. "ಅಜ್ಜಿಯ ಕಾಲದಿಂದ ಗುಲಗಂಜಿ ತೂಕವೂ ಆಚೀಚೆ ಆಗದ ಹಾಗೆ ಅಳತೆ ಕಾಪಾಡಿಕೊಂಡು ಬಂದಿದ್ದೀವಿ."

ಮೇಲಧಿಕಾರಿಗಳು ಎದ್ದು ನಿಂತರು. ಇಷ್ಟು ವರ್ಷದ ಸೇವೆಯಲ್ಲಿ ಅಳತೆಯನ್ನು ಅಡುಗೆಮನೆಯವರೆಗೆ ಕೊಂಡೊಯ್ದ ನೌಕರನನ್ನು ಇಂದೇ ಕಂಡದ್ದು ಎಂದು ಎಲ್ಲರೆದುರು ಹೇಳಿದರು. ತಿಂಗಳ ಕೊನೆಯ ಭಾನುವಾರ ತಾವೇ ರಾಯರ ಮನೆಗೆ ಬರುವುದಾಗಿಯೂ, ಆ ಅಳತೆಯನ್ನು ಕಣ್ಣಾರೆ ನೋಡಿ ಇಲಾಖೆಯ ವಾರ್ಷಿಕ ಸಭೆಯಲ್ಲಿ ಮಾದರಿಯಾಗಿ ಹೇಳುವುದಾಗಿಯೂ ಘೋಷಿಸಿದರು. ಗಾದೆ ನೆನಪಾದದ್ದು ಆಗ.

ದೊಡ್ಡಮ್ಮ ಎಂದರೆ ರಾಯರ ತಂದೆಯ ಅಣ್ಣನ ಹೆಂಡತಿ. ಚಿಕ್ಕ ವಯಸ್ಸಿನಲ್ಲಿ ಸೊಸೆಯಾಗಿ ಆ ಮನೆಗೆ ಬಂದು, ಅತ್ತೆಯಿಂದ ಉಪ್ಪಿನಕಾಯಿ ಹಾಕುವುದನ್ನು ಕಲಿತು, ರಾಯರನ್ನು ಎತ್ತಿ ಆಡಿಸಿ, ಈಗ ಎಂಬತ್ತರ ಹತ್ತಿರ ಬಂದಿದ್ದರು. ಆ ಮನೆಯಲ್ಲಿ ದೊಡ್ಡಮ್ಮನ ಉಪ್ಪಿನಕಾಯಿ ಇಲ್ಲದೆ ಊಟ ಇಳಿಯುತ್ತಿರಲಿಲ್ಲ. ಈ ಸಲ ನಿಂಬೆಕಾಯಿಯ ಚೀಲ ಬಂದು ಬಿದ್ದಾಗ, ತೋಳು ನೋಯುತ್ತೆ, ಇದೇ ಕೊನೆ, ಬರುವ ವರ್ಷ ಯಾರಾದರೂ ಹಾಕ್ಕೊಳ್ಳಿ ಎಂದಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಹೇಗೆ ಹಾಕುವುದು ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ. ಈಗ ರಾಯರಿಗೆ ಎರಡು ಚಿಂತೆ. ಕಚೇರಿಯಲ್ಲಿ ಹೋಗುವ ಮಾನ ಒಂದು ಕಡೆ. ಅಳತೆ ಸಿಗದಿದ್ದರೆ ಅಜ್ಜಿಯ ಕಾಲದ ರುಚಿ ಈ ವರ್ಷದ ಜಾಡಿಗಳ ಜೊತೆ ಮುಗಿದೇಹೋಗುತ್ತದಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ.

ಸಂಜೆ ಮನೆಗೆ ಬಂದವರೇ ನೇರ ಅಡುಗೆಮನೆಗೆ ನುಗ್ಗಿದರು.

"ದೊಡ್ಡಮ್ಮ, ಉಪ್ಪಿನಕಾಯಿಗೆ ಉಪ್ಪು ಎಷ್ಟು ಹಾಕ್ತೀಯ?"

"ಎಷ್ಟು ಬೇಕೋ ಅಷ್ಟು."

"ಖಾರದ ಪುಡಿ?"

"ಅದಕ್ಕೆ ತಕ್ಕ ಹಾಗೆ."

"ಬಿಸಿಲಲ್ಲಿ ಎಷ್ಟು ದಿನ ಇಡ್ತೀಯ?"

"ಸಾಕು ಅನ್ನಿಸೋವರೆಗೆ. ಒಲೆಗೆ ಅಡ್ಡ ನಿಂತ್ಕೋಬೇಡ, ಆಚೆ ಹೋಗು."

ರಾಯರು ಒಳಗೆ ಹೋದಾಗ ಎಷ್ಟು ತಿಳಿದವರಾಗಿದ್ದರೋ ಅಷ್ಟೇ ತಿಳಿದವರಾಗಿ ಹೊರಗೆ ಬಂದರು. ಆದರೆ ಬುದ್ಧಿ ಕೈಕೊಡಲಿಲ್ಲ. ಬಾಯಿ ಹೇಳದ್ದನ್ನು ತಕ್ಕಡಿ ಹೇಳುತ್ತದೆ. ಉಪ್ಪಿನಕಾಯಿ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಡಬ್ಬಿಗಳನ್ನು ತೂಗಿದರೆ, ಕಡಿಮೆಯಾದದ್ದೆಲ್ಲ ಉಪ್ಪಿನಕಾಯಿಗೆ ಹೋದದ್ದು. ಅದೇ ಅಳತೆ. ಹೆಂಡತಿಗೆ ಹೇಳುವಂತಿರಲಿಲ್ಲ. ಹೇಳಿದರೆ ಕಚೇರಿಯಲ್ಲಿ ಜಂಭ ಕೊಚ್ಚಿದ್ದು ಬಯಲಾಗುತ್ತದೆ. ಪರದೆಯ ವಿಷಯವನ್ನೇ ಆಕೆ ಇನ್ನೂ ಮರೆತಿರಲಿಲ್ಲ.

ಹೀಗೆ ಕಚೇರಿಯ ಕೈತಕ್ಕಡಿ ಊಟದ ಚೀಲದಲ್ಲಿ ಅಡಗಿ ಮನೆಗೆ ಬಂತು. ಬೆಳಿಗ್ಗೆ ದೊಡ್ಡಮ್ಮ ಸ್ನಾನಕ್ಕೆ ಹೋದ ಕೂಡಲೇ ರಾಯರು ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಉಪ್ಪಿನ ಡಬ್ಬಿ, ಖಾರದ ಪುಡಿಯ ಡಬ್ಬಿ, ಸಕ್ಕರೆ ಡಬ್ಬಿ ಎಲ್ಲವನ್ನೂ ತೂಗಿ ಅಂಗೈ ಮೇಲೆ ಬರೆದುಕೊಂಡರು. ಊಟಕ್ಕೆ ಮುಂಚೆ ಕೈ ತೊಳೆಯುವ ಒಳ್ಳೆಯ ಅಭ್ಯಾಸ ಅವರಿಗಿತ್ತು. ಆದ್ದರಿಂದ ಮರುದಿನ ಮತ್ತೆ ಎಲ್ಲವನ್ನೂ ತೂಗಿ, ಈ ಸಲ ಅಂಗಿಯ ತೋಳು ಮೇಲೇರಿಸಿ ಮುಂಗೈ ಮೇಲೆ ಬರೆದುಕೊಳ್ಳಬೇಕಾಯಿತು. ಆಗಲೇ ಹೆಂಡತಿ ಒಳಗೆ ಬಂದಳು. ರಾಯರು ಉಪ್ಪಿನ ಡಬ್ಬಿಯನ್ನು ಎದೆಗೆ ಅವಚಿಕೊಂಡು ಕುಳಿತಿದ್ದರು.

ಇರುವೆ ಬಂದಿದೆಯೇನೋ ಅಂತ ನೋಡುತ್ತಿದ್ದೆ ಎಂದರು. ಉಪ್ಪಿಗೆ ಇರುವೆ ಬರುವುದನ್ನು ಆಕೆ ಹುಟ್ಟಿದ ಮೇಲೆ ಕೇಳಿರಲಿಲ್ಲ.

ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದರು. ಬೀದಿಗೆಲ್ಲ ಟೈಲರಮ್ಮ. ತುಟಿಗಳ ನಡುವೆ ಸದಾ ಗುಂಡುಸೂಜಿ. ಸುದ್ದಿ ಚೆನ್ನಾಗಿದ್ದರೆ ಮಾತ್ರ ಒಂದೊಂದೇ ಸೂಜಿ ತೆಗೆದು ಬಾಯಿ ತೆರವು ಮಾಡಿಕೊಳ್ಳುತ್ತಿದ್ದರು. ಹರಿದ ಚೀಲ ಹೊಲಿಸಲು ಹೋದ ರಾಯರ ಹೆಂಡತಿ ಉಪ್ಪಿನ ಡಬ್ಬಿಯ ಕಥೆ ಹೇಳಿದಾಗ ಎಲ್ಲ ಸೂಜಿಗಳೂ ಹೊರಗೆ ಬಂದವು. ಟೈಲರಮ್ಮ ಯೋಚಿಸಿ ತೀರ್ಪು ಕೊಟ್ಟರು. ಇಂದು ಉಪ್ಪು ತೂಗುವ ಗಂಡಸು ನಾಳೆ ಅನ್ನ ತೂಗುತ್ತಾನೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಅವರು ಎಷ್ಟು ಖರ್ಚು ಮಾಡುತ್ತಾರೆ, ಎಷ್ಟು ತಿನ್ನುತ್ತಾರೆ ಎಂದು ರಾಯರು ಲೆಕ್ಕ ಹಿಡಿಯುತ್ತಿದ್ದಾರೆ. ಈ ಮಾತನ್ನು ಯಾರಿಗೂ ಹೇಳಬೇಡಿ ಎಂದು ಆಕೆ ರಾಯರ ಹೆಂಡತಿಯಿಂದ ಆಣೆ ಮಾಡಿಸಿಕೊಂಡರು. ಅದೇ ಸಂಜೆ ದೊಡ್ಡಮ್ಮನ ತೋಳಿನ ಅಳತೆ ತೆಗೆದುಕೊಳ್ಳುತ್ತಾ, ಸೊರಗಿಹೋಗಿದ್ದೀರಲ್ಲ ದೊಡ್ಡಮ್ಮ ಎಂದು ಶುರುಮಾಡಿ ತಾವೇ ಎಲ್ಲವನ್ನೂ ಹೇಳಿದರು.

ದೊಡ್ಡಮ್ಮ ಜಗಳ ಮಾಡುವವರಲ್ಲ. ಜಗಳ ಮಾಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಅವರು ಸುಮ್ಮನಾದರು. ಅಂದಿನಿಂದ ಅಡುಗೆಗೆ ಉಪ್ಪನ್ನು ಚಿಕ್ಕ ಚಮಚದಲ್ಲಿ ತೆಗೆದು, ಮೇಲಿನದನ್ನು ಬೆರಳಿಂದ ಸವರಿ ಡಬ್ಬಿಗೆ ವಾಪಸ್ಸು ಹಾಕತೊಡಗಿದರು. ಊಟ ಸಪ್ಪೆಯಾಯಿತು. ತಮ್ಮ ತಟ್ಟೆಗೆ ಎರಡು ತುತ್ತು ಅನ್ನ ಬಡಿಸಿಕೊಂಡು, ಸಾಕಪ್ಪ, ಲೆಕ್ಕಕ್ಕೆ ಜಾಸ್ತಿ ಆಗಬಾರದು ಎನ್ನುತ್ತಿದ್ದರು. ಇದನ್ನು ಕೇಳಿ ರಾಯರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊನೆಗೂ ದೊಡ್ಡಮ್ಮನಿಗೆ ಅಳತೆಯ ಮಹತ್ವ ತಿಳಿಯಿತು ಎಂದುಕೊಂಡು ಅವರು ಸಪ್ಪೆ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡರು.

ಉಪ್ಪಿನಕಾಯಿಯಲ್ಲಿ ಮಾತ್ರ ದೊಡ್ಡಮ್ಮ ಕೈ ಬಿಗಿ ಮಾಡಲಿಲ್ಲ. ಮಾಡುವ ಕೊನೆಯ ಕೆಲಸ ನೆಟ್ಟಗೆ ಆಗಲಿ ಎಂದು ನಿಂಬೆಕಾಯಿ ಹೆಚ್ಚಿ ಎಂದಿನ ಹಾಗೆ ಹಿಡಿ ಹಿಡಿ ಉಪ್ಪು ಸುರಿದರು.

ಈ ನಡುವೆ ರಾಯರು ಇನ್ನೊಂದು ಘನಕಾರ್ಯ ಮಾಡಿದರು. ಲೆಕ್ಕ ಪಕ್ಕಾ ಇರಲಿ ಎಂದು ಬೀದಿಯ ಕೊನೆಯ ಕಿರಾಣಿ ಅಂಗಡಿಗೆ ಹೋಗಿ ಒಂದು ಪೊಟ್ಟಣ ಉಪ್ಪು ಕೊಂಡು, ಅಂಗಡಿಯವನ ಕಣ್ಣೆದುರೇ ಚೀಲದಿಂದ ತಕ್ಕಡಿ ತೆಗೆದು ತೂಗಿ, ಹುಬ್ಬು ಗಂಟಿಕ್ಕಿ, ಮುಂಗೈ ಮೇಲೆ ಏನೋ ಬರೆದುಕೊಂಡು ಮಾತಿಲ್ಲದೆ ಹೊರಟರು. ಅಂಗಡಿಯವನು ಪ್ರಾಮಾಣಿಕ. ಪ್ರಾಮಾಣಿಕರಿಗೆ ಇನ್‌ಸ್ಪೆಕ್ಟರನ್ನು ಕಂಡರೆ ಕಳ್ಳರಿಗಿಂತ ಹೆಚ್ಚು ಭಯ. ಅವನಿಗೆ ಊಟ ಸೇರಲಿಲ್ಲ. ಮರುದಿನ ರಾಯರು ಕಚೇರಿಗೆ ಹೋದದ್ದನ್ನು ನೋಡಿಕೊಂಡು ಹಿತ್ತಿಲ ಬಾಗಿಲಿಗೆ ಬಂದ. ಹಿಂದೆ ಯಾವಾಗಲಾದರೂ ಒಂದು ಚಿಟಿಕೆ ಕಮ್ಮಿ ಬಂದಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ ಅಕ್ಕಾ ಎಂದು ರಾಯರ ಹೆಂಡತಿಗೆ ಕೈಮುಗಿದು, ಉಪ್ಪಿನ ಡಬ್ಬಿಯನ್ನೂ ಖಾರದ ಡಬ್ಬಿಯನ್ನೂ ಕಂಠದವರೆಗೆ ತುಂಬಿ ಓಡಿಹೋದ. ಇದೂ ಗಂಡನ ಲೆಕ್ಕಾಚಾರದ ಒಂದು ಭಾಗವೇ ಇರಬೇಕು ಎಂದು ಆಕೆ ಸುಮ್ಮನಾದಳು.

ಸಂಜೆ ರಾಯರು ಡಬ್ಬಿ ತೂಗಿದರು. ಉಪ್ಪಿನಕಾಯಿಗೆ ಉಪ್ಪು ಹಾಕಿದ ಮೇಲೆ ಉಪ್ಪು ಹೆಚ್ಚಾಗಿತ್ತು.

ಮತ್ತೆ ತೂಗಿದರು. ಮತ್ತೆ ಹೆಚ್ಚಾಗಿತ್ತು. ತಕ್ಕಡಿಯ ಮೇಲೆಯೇ ಅನುಮಾನ ಬಂತು. ಆದರೆ ಅದಕ್ಕೆ ಮುದ್ರೆ ಒತ್ತಿದವರು ಅವರೇ. ಅದನ್ನು ಕಚೇರಿಗೆ ಒಯ್ದು ಪರೀಕ್ಷಿಸಿದಾಗ ಮುಳ್ಳು ಕೂದಲೆಳೆಯಷ್ಟೂ ಸರಿಯಲಿಲ್ಲ. ಹಾಗಾದರೆ ಲೆಕ್ಕದ ಪ್ರಕಾರ ಅವರ ಮನೆತನದ ಉಪ್ಪಿನಕಾಯಿಯಲ್ಲಿರುವ ಉಪ್ಪು ಸೊನ್ನೆಗಿಂತ ಕಡಿಮೆ. ರಾಯರು ಕದ್ದು ಒಂದು ಹೋಳು ಬಾಯಿಗೆ ಹಾಕಿಕೊಂಡರು. ಲೆಕ್ಕದಲ್ಲಿ ಇಲ್ಲದ ಉಪ್ಪು ನಾಲಗೆಗೆ ಸ್ಪಷ್ಟವಾಗಿ ಇತ್ತು. ಜೀವನದಲ್ಲಿ ಮೊದಲ ಸಲ ಅವರಿಗೆ ತಕ್ಕಡಿಯನ್ನು ನಂಬುವುದೋ ನಾಲಗೆಯನ್ನು ನಂಬುವುದೋ ತಿಳಿಯಲಿಲ್ಲ. ಹಾಗೆ ತಲೆ ಕೆರೆದುಕೊಳ್ಳುತ್ತಿರುವಾಗಲೇ ಭಾನುವಾರ ಬಂದುಬಿಟ್ಟಿತು.

ಮೇಲಧಿಕಾರಿಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ಬಂದರು. ಅವರನ್ನು ಕರೆದುಕೊಂಡು ನಡುಮನೆಗೆ ಕಾಲಿಟ್ಟ ರಾಯರು ನಿಂತಲ್ಲೇ ನಿಂತರು. ನಡುಮನೆಯ ಮಧ್ಯದಲ್ಲಿ ದೊಡ್ಡಮ್ಮನ ಟ್ರಂಕು ಇತ್ತು. ಪಕ್ಕದಲ್ಲಿ ದೊಡ್ಡಮ್ಮ, ಹೊರಗೆ ಹೋಗುವ ಚಪ್ಪಲಿ ಮೆಟ್ಟಿಕೊಂಡು, ತಲೆ ಬಾಚಿಕೊಂಡು ಕುಳಿತಿದ್ದರು. ರಾಯರ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಪರದೆ ಇಲ್ಲದ ಅರ್ಧ ಕಿಟಕಿಯಲ್ಲಿ ಟೈಲರಮ್ಮನ ಮುಖವಿತ್ತು.

"ಎಲ್ಲಿಗೆ ಹೊರಟೆ ದೊಡ್ಡಮ್ಮ?"

"ತಂಗಿ ಮನೆಗೆ. ಅಲ್ಲಿ ಉಪ್ಪಿನ ಡಬ್ಬಿಗೆ ತಕ್ಕಡಿ ಇಲ್ಲವಂತೆ." ದೊಡ್ಡಮ್ಮನ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಉಪ್ಪಿನಕಾಯಿ ಕಪಾಟಲ್ಲಿದೆ. ನಾನು ತಿಂದಿದ್ದರ ಲೆಕ್ಕ ಇನ್ನು ನೀನು ನೋಡಬೇಕಾಗಿಲ್ಲ."

ಅಷ್ಟರಲ್ಲಿ ಮತ್ತೊಂದು ಉಪ್ಪಿನ ಮೂಟೆ ಹೊತ್ತು ಅಂಗಡಿಯವನು ಬಂದ. ಇನ್‌ಸ್ಪೆಕ್ಟರರ ಜೊತೆ ಅವರ ಮೇಲಿನವರನ್ನೂ ಕಂಡು ದಾಳಿಯೇ ಬಂತೆಂದು ಮೂಟೆ ಕೆಳಗೆ ಹಾಕಿ, ಡಬ್ಬಿ ತುಂಬಿದ್ದು ತಾನೇ, ಹೆಂಡತಿ ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದು ಕೈಮುಗಿದ. ನಾನೇನೂ ಹೇಳಿಲ್ಲಪ್ಪ ಎಂದು ಕಿಟಕಿಯಲ್ಲಿದ್ದ ಟೈಲರಮ್ಮ ಯಾರೂ ಕೇಳದೆಯೇ ಹೇಳಿದರು.

ಇದೆಲ್ಲದರಿಂದ ಹಿಗ್ಗಿದವರು ಮೇಲಧಿಕಾರಿಗಳು ಒಬ್ಬರೇ. ಮನೆಯ ಡಬ್ಬಿಗಳಿಗೂ ತಪಾಸಣೆ, ಅಂಗಡಿಯವನಿಗೆ ಈ ಪರಿಯ ಭಯ, ಇಂಥ ಶಿಸ್ತು ಎಲ್ಲಿಯೂ ಕಂಡಿಲ್ಲ ಎಂದು ರಾಯರ ಬೆನ್ನು ತಟ್ಟಿದರು. ವಾರ್ಷಿಕ ಸಭೆಯಲ್ಲಿ ಈ ಮಾತನ್ನೂ ಸೇರಿಸುವುದಾಗಿ ಹೇಳಿ ಪೆನ್ನು ತೆಗೆದರು. ರಾಯರು ಹೂಂ ಎಂದಿದ್ದರೆ ಸಾಕಿತ್ತು. ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು, ಟ್ರಂಕು ತಂಗಿಯ ಮನೆ ಸೇರುತ್ತಿತ್ತು. ಅವರು ಮೇಲಧಿಕಾರಿಗಳ ಪೆನ್ನು ನೋಡಿದರು, ದೊಡ್ಡಮ್ಮನ ಚಪ್ಪಲಿ ನೋಡಿದರು.

"ಸಾರ್, ನಮ್ಮನೇಲಿ ಅಳತೆ ಗಿಳತೆ ಏನೂ ಇಲ್ಲ. ಅವತ್ತು ನಿಮ್ಮ ಮುಂದೆ ಬಡಾಯಿ ಕೊಚ್ಚಿದೆ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿದರು. "ನಿನ್ನ ತುತ್ತನ್ನ ನಾನು ತೂಗ್ತೀನಾ? ಬಾಯಲ್ಲಿ ಕೇಳಿದ್ರೆ ನೀನು ಹೇಳಲಿಲ್ಲ. ಈ ಕೈ ರುಚಿ ಹೋಗಿಬಿಡುತ್ತಲ್ಲ ಅಂತ ಹೆದರಿ ಕದ್ದು ತೂಗಿದೆ. ತೂಗಿ ತೂಗಿ ಉಪ್ಪೇ ಜಾಸ್ತಿ ಆಯ್ತು, ನನಗೇನೂ ಸಿಗಲಿಲ್ಲ."

ದೊಡ್ಡಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. ಮುಂಗೈ ಮೇಲೆ ಕಲೆಸಿಹೋದ ಅಂಕಿಗಳು ಮೊಣಕೈ ತನಕ ಹತ್ತಿದ್ದವು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು.

"ದಡ್ಡ ಮುಂಡೇದೆ. ಎಷ್ಟು ಬೇಕೋ ಅಷ್ಟು ಅಂತ ಹೇಳಿದ್ನಲ್ಲ. ಯಾರಿಗೆ ಅಂತ ನೀನು ಕೇಳಬೇಕಿತ್ತು."

ಅವರು ಎದ್ದುಹೋಗಿ ಕಪಾಟಿನ ಬಾಗಿಲು ತೆಗೆದರು. ಒಳಗೆ ಸಾಲಾಗಿ ಜಾಡಿಗಳು, ಬಾಯಿಗೆ ಒಂದೊಂದಕ್ಕೆ ಒಂದೊಂದು ಬಣ್ಣದ ಬಟ್ಟೆ. ಇಷ್ಟು ವರ್ಷ ರಾಯರು ಅದನ್ನು ಅಲಂಕಾರ ಎಂದುಕೊಂಡಿದ್ದರು. ನೀಲಿ ಬಟ್ಟೆಯದು ರಾಯರದ್ದು. ಮೂರು ವರ್ಷದವರಿದ್ದಾಗ ಖಾರ ತಿಂದು ನೆಲದ ಮೇಲೆ ಉರುಳಾಡಿ ಅತ್ತಿದ್ದರಂತೆ. ಅಂದಿನಿಂದ ಅವರ ಜಾಡಿಗೆ ಖಾರ ಕಮ್ಮಿ, ಮೇಲೊಂದು ಚಿಟಿಕೆ ಸಕ್ಕರೆ. ಹಳದಿಯದು ರಾಯರ ಹೆಂಡತಿಗೆ. ಆಕೆಗೆ ಹುಳಿ ಬೇಕು, ಬಾಯಿಬಿಟ್ಟು ಕೇಳಲು ಸಂಕೋಚ. ಕೆಂಪಿನದು ಅಂಗಡಿಯವನಿಗೆ, ದಿನವಿಡೀ ಹೆದರಿಕೊಂಡೇ ಇರುವವನಿಗೆ ಸ್ವಲ್ಪ ಖಾರ ಬೇಕೇಬೇಕು. ಹಸಿರಿನದು ಎದುರುಮನೆಗೆ. ಟೈಲರಮ್ಮನಿಗೆ ರಕ್ತದೊತ್ತಡವಿದೆ, ಉಪ್ಪು ಕಮ್ಮಿ ಹಾಕಬೇಕು, ಪಾಪ, ಆ ವಿಷಯ ಯಾರಿಗೂ ಗೊತ್ತಾಗಬಾರದು ಅಂತ ಹೇಳಿದ್ದಾಳೆ ಎಂದು ದೊಡ್ಡಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಕಿಟಕಿ ಖಾಲಿಯಾಯಿತು.

"ಹಾಗಾದರೆ ನಾನು ಅವತ್ತು ತಿಂದದ್ದು?" ಮೇಲಧಿಕಾರಿಗಳ ಧ್ವನಿ ಸಣ್ಣಗಾಗಿತ್ತು.

ಅದು ಮೂರು ವರ್ಷದ ಮಗುವಿಗೆ ಹಾಕಿದ್ದು ಎಂದರು ದೊಡ್ಡಮ್ಮ. ಮೇಲಧಿಕಾರಿಗಳು ಪೆನ್ನನ್ನು ಜೇಬಿಗೆ ಸೇರಿಸಿದರು. ಸ್ವಲ್ಪ ಹೊತ್ತು ಕಪಾಟನ್ನೇ ನೋಡಿ, ತಮಗೂ ಒಂದು ಜಾಡಿ ಸಾಧ್ಯವೇ ಎಂದು ಕೇಳಿದರು. ಕೂತ್ಕೊಳ್ಳಿ, ಅದಕ್ಕೆ ಕೆಲವು ವಿಷಯ ಕೇಳಬೇಕು ಎಂದರು ದೊಡ್ಡಮ್ಮ. ಅವರು ಕೂತದ್ದು ಟ್ರಂಕಿನ ಮೇಲೆ. ಅಷ್ಟು ದೊಡ್ಡ ಅಧಿಕಾರಿಯನ್ನು ಏಳಿ ಎನ್ನುವುದು ಯಾರಿಗೂ ಸಾಧ್ಯವಿರಲಿಲ್ಲವಾದ್ದರಿಂದ ಪ್ರಯಾಣದ ಮಾತು ಅಲ್ಲಿಗೇ ನಿಂತಿತು. ಕೋಪ ಬರುವುದು ಊಟಕ್ಕೆ ಮುಂಚೆಯೋ ಆಮೇಲೋ, ಚಿಕ್ಕವರಿದ್ದಾಗ ಯಾರ ಕೈ ಅಡುಗೆ ಉಂಡದ್ದು ಎಂದೆಲ್ಲ ದೊಡ್ಡಮ್ಮ ಕೇಳಿದರು. ಮೇಲಧಿಕಾರಿಗಳು ಒಂದಕ್ಕೂ ತಪ್ಪಿಸಿಕೊಳ್ಳದೆ ಉತ್ತರ ಕೊಟ್ಟರು. ನಡುವೆ ಒಮ್ಮೆ ನಕ್ಕರು. ರಾಯರು ಅದನ್ನು ಕಣ್ಣಾರೆ ಕಂಡರು. ಕಚೇರಿಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವಲ್ಲ ಎಂದು ಅವರಿಗೆ ಬೇಸರವಾಯಿತು.

ಉಪ್ಪಿನಲ್ಲಿ ಊರಿದ ಹೋಳುಗಳು ಪಾತ್ರೆಯಲ್ಲಿ ಇನ್ನೂ ಉಳಿದಿದ್ದವು. ದೊಡ್ಡಮ್ಮ ರಾಯರನ್ನು ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬಾ ಎಂದು ಕಳಿಸಿ, ಪಾತ್ರೆಯ ಮುಂದೆ ಕೂರಿಸಿದರು. ರಾಯರು ಖಾರದ ಪುಡಿಗೆ ಕೈ ಹಾಕಿದರು. ಎಷ್ಟು ಎಂದು ಕೇಳಿದರೆ ದೊಡ್ಡಮ್ಮ ಮಾತಾಡದೆ ಮೇಲಧಿಕಾರಿಗಳ ಮುಖದ ಕಡೆ ಗದ್ದ ಎತ್ತಿ ತೋರಿಸುತ್ತಿದ್ದರು. ರಾಯರು ಆ ಮುಖ ನೋಡಿದರು, ಹಾಕಿದರು, ಮತ್ತೆ ನೋಡಿದರು, ಇನ್ನಷ್ಟು ಹಾಕಿದರು. ದೊಡ್ಡಮ್ಮ ರುಚಿ ನೋಡಿ, ಪರವಾಗಿಲ್ಲ, ನಿಮ್ಮಜ್ಜಿ ಇದ್ದಿದ್ದರೆ ಬಯ್ಯುತ್ತಿದ್ದಳು, ನನಗೂ ಮೊದಲ ಸಲ ಬಯ್ದಿದ್ದಳು ಎಂದರು. ರಾಯರಿಗೆ ಯಾವ ಇಲಾಖೆಯ ಬಡ್ತಿಯೂ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ಜಾಡಿಗಳನ್ನು ಕಪಾಟಿಗೆ ಜೋಡಿಸುತ್ತಿದ್ದ ಹೆಂಡತಿ ಇದ್ದಕ್ಕಿದ್ದಂತೆ ನಿಂತು ಕೇಳಿದಳು. "ದೊಡ್ಡಮ್ಮ, ಇದರಲ್ಲಿ ನಿಮ್ಮ ಜಾಡಿ ಯಾವುದು?"

ದೊಡ್ಡಮ್ಮ ಅದನ್ನು ಅಷ್ಟು ದೊಡ್ಡ ಪ್ರಶ್ನೆ ಎಂದು ತಿಳಿಯಲಿಲ್ಲ. ನನಗೇನು, ಎಲ್ಲರದ್ದೂ ತುಂಬಿದ ಮೇಲೆ ಪಾತ್ರೆಗೆ ಅಂಟಿರುತ್ತಲ್ಲ, ಅದೇ ಸಾಕು ಎಂದರು. ರಾಯರಿಗೆ ನಾಚಿಕೆಯಾಯಿತು. ಮನೆಯಲ್ಲಿರುವ ಡಬ್ಬಿಯನ್ನೆಲ್ಲ ತೂಗಿದ್ದರು, ಇದೊಂದನ್ನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವರು ಖಾಲಿ ಜಾಡಿಯೊಂದನ್ನು ಹತ್ತಿರ ಎಳೆದುಕೊಂಡು, ಉಳಿದ ಹೋಳುಗಳನ್ನೆಲ್ಲ ಅದಕ್ಕೆ ಸುರಿದರು.

"ನಿನಗೆ ಹೇಗಿದ್ರೆ ಇಷ್ಟ ದೊಡ್ಡಮ್ಮ?"

"ಯಾರಿಗೆ ಗೊತ್ತೋ. ಯಾರು ಕೇಳಿದ್ರು?"

ರಾಯರು ಸ್ವಲ್ಪ ಖಾರ ಕಲೆಸಿ ಒಂದು ಹೋಳು ಕೊಟ್ಟರು. ದೊಡ್ಡಮ್ಮ ಚಪ್ಪರಿಸಿ, ಎಲ್ಲರ ಮುಖವನ್ನೂ ನೋಡಿ, ತಪ್ಪು ಮಾಡುವವರ ಹಾಗೆ ಮೆಲ್ಲಗೆ, ಇನ್ನೂ ಸ್ವಲ್ಪ ಹಾಕು ಎಂದರು. ಹಾಕಿದರು. ಇನ್ನೂ ಸ್ವಲ್ಪ ಎಂದರು. ಜಾಡಿಯಿಂದ ಎದ್ದ ಘಾಟಿಗೆ ಮೇಲಧಿಕಾರಿಗಳು ಸೀನಿದರು, ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ. ಮುಂದಿನ ಹೋಳು ಬಾಯಿಗೆ ಹೋದದ್ದೇ ದೊಡ್ಡಮ್ಮನಿಗೆ ಕೆಮ್ಮು ಹತ್ತಿ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ರಾಯರು ಗಾಬರಿಯಾಗಿ ನೀರಿಗೆ ಓಡಿದರು. ದೊಡ್ಡಮ್ಮ ಅವರ ಅಂಗಿ ಹಿಡಿದು ಕೂರಿಸಿದರು. ಅವರು ನಗುತ್ತಿದ್ದರು.

"ನಿಮ್ಮಜ್ಜಿಗೆ ಹೆದರಿ, ಆಮೇಲೆ ನಿಮಗೆಲ್ಲ ಹೊಂದಿಸಿಕೊಂಡು, ಇಷ್ಟು ವರ್ಷ ಸಪ್ಪೆ ತಿಂದೆ ಕಣೋ. ಹಾಕು ಇನ್ನೊಂದು ಹಿಡಿ."